ಉಸಿರು ಕಾಯುವವರ ಪರವಾನಗಿ

ಕಳೆದ ವರ್ಷದ ಚಳಿಗಾಲದ ಮಾತು. ನಮ್ಮ ಅಣ್ಣನಿಗೆ ದಮ್ಮು ಹೆಚ್ಚಾಗಿ ರಾತ್ರಿ ಹತ್ತು ಗಂಟೆಗೆ ಯಳವತ್ತಿಯಿಂದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಅಣ್ಣ ಮೂವತ್ತು ವರ್ಷ ಹತ್ತಿಯ ಜಿನ್ನಿನಲ್ಲಿ ದುಡಿದವನು. ಬೀಡಿಯನ್ನೂ ಬಿಟ್ಟವನಲ್ಲ. ಹದಿನೈದು ವರ್ಷಗಳಿಂದ ಅವನ ಎದೆ ಸಿಳ್ಳು ಹಾಕುತ್ತಲೇ ಇದೆ. ಡ್ಯೂಟಿಯಲ್ಲಿದ್ದ ಡಾಕ್ಟರು ನೋಡಿದರು, ಸೂಜಿ ಮಾಡಿದರು, ಮೂಗಿಗೆ ಆಮ್ಲಜನಕದ ನಳಿಕೆ ಹಚ್ಚಿಸಿದರು. ಅಷ್ಟರಲ್ಲಿ ಅಪಘಾತದ ಕೇಸೊಂದು ಬಂದದ್ದರಿಂದ ಆ ಕಡೆ ಓಡಿದರು.

ನಮ್ಮ ಹತ್ತಿರ ಉಳಿದವನು ಬಿಳಿ ಕೋಟು ತೊಟ್ಟ ಒಬ್ಬ ಹುಡುಗ. ಎದೆಯ ಮೇಲೆ ಸಣ್ಣ ಪಟ್ಟಿ: 'ರೆಸ್ಪಿರೇಟರಿ ಥೆರಪಿಸ್ಟ್'. ಅಣ್ಣ ಏದುಸಿರು ಬಿಡುವುದನ್ನು ಕಂಡು ಆ ಹುಡುಗ ನಳಿಕೆ ತೆಗೆದು ಮುಖವಾಡ ಹಾಕಿದ, ಸಿಲಿಂಡರಿನ ತಿರುಪನ್ನು ಹತ್ತು ಲೀಟರಿಗೆ ಏರಿಸಿದ. ಬೆರಳಿಗೆ ಸಿಕ್ಕಿಸಿದ ಯಂತ್ರ ನೂರು ತೋರಿಸಿತು. ಅಣ್ಣನ ಏದುಸಿರು ಮೆಲ್ಲಗೆ ಇಳಿಯಿತು, ಕಣ್ಣು ಮುಚ್ಚಿದವು. "ನಿದ್ದಿ ಹತ್ತೇತಿ, ಇನ್ನ ಚಿಂತಿ ಇಲ್ಲ" ಎಂದ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿಜ್ಞಾನ ಕಲಿಸುವ ನಾನೂ ಹಾಗೆಯೇ ತಿಳಿದೆ.

ಅದು ನಿದ್ದೆಯಾಗಿರಲಿಲ್ಲ. ಎರಡು ಗಂಟೆಗೆ ರೌಂಡಿಗೆ ಬಂದ ಹಿರಿಯ ನರ್ಸಮ್ಮ ಅಣ್ಣನ ಭುಜ ಅಲುಗಿಸಿದರು. ಎಚ್ಚರಾಗಲಿಲ್ಲ. ಅವರು ಮೊದಲು ಮಾಡಿದ ಕೆಲಸ ಆಮ್ಲಜನಕದ ತಿರುಪನ್ನು ಇಳಿಸಿದ್ದು. ಆಮೇಲೆ ಡಾಕ್ಟರನ್ನು ಕೂಗಿದರು. ರಕ್ತ ತೆಗೆದು ನೋಡಿದಾಗ ಇಂಗಾಲದ ಡೈಆಕ್ಸೈಡ್ ಮಿತಿ ಮೀರಿ ತುಂಬಿಕೊಂಡಿತ್ತು. ಬಿಗಿಯಾದ ಮುಖವಾಡದ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಯಂತ್ರ ಹಚ್ಚಿದರು. ಬೆಳಗು ಹರಿಯುವಾಗ ಅಣ್ಣ ಕಣ್ಣು ಬಿಟ್ಟು ಚಹಾ ಕೇಳಿದ.

ಕಾರಿಡಾರಿನಲ್ಲಿ ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಬೆಳಕಿನಲ್ಲಿ ನೋಡಿದಾಗ ಗುರುತು ಹತ್ತಿತು. ಐದಾರು ವರ್ಷದ ಹಿಂದೆ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕೂತವನೇ.

"ಸರ್, ಬೇಕಂತ ಮಾಡಿಲ್ರೀ. ಆಕ್ಸಿಜನ್ ಹೆಚ್ಚ ಕೊಟ್ಟಷ್ಟೂ ಛಲೋ ಅಂತ ತಿಳಕೊಂಡಿದ್ನಿರೀ."

"ಎಷ್ಟ ದಿನ ಕಲತೀಯೋ ತಮ್ಮಾ ಈ ಕೆಲಸಾನ?"

"ಆರ ತಿಂಗಳ್ರೀ ಸರ್. ಪಿಯುಸಿ ಸೈನ್ಸ್ ಆದಮ್ಯಾಲೆ ಒಂದ ಇನ್‌ಸ್ಟಿಟ್ಯೂಟಿಗೆ ಹೋಗಿದ್ನಿರೀ. ನಲವತ್ತ ಸಾವಿರ ಕಟ್ಟೇವ್ರೀ. ಅಪ್ಪ ಎತ್ತ ಮಾರಿದ್ರೀ."

ಸಿಟ್ಟು ಮಾಡಬೇಕೆಂದಿದ್ದ ನಾನು ಸುಮ್ಮನಾದೆ. ತುಸು ತಡೆದು ಅವನೇ ಕೇಳಿದ: "ಸರ್, ಇದನ್ನ ಖರೇನ ಕಲೀಬೇಕಂದ್ರ ಎಲ್ಲಿ ಕಲೀಬೇಕ್ರೀ? ಈ ಪಟ್ಟಿ ಹಾಕೋಳಾಕ ಯಾರ ಪರವಾನಗಿ ಕೊಡ್ತಾರ್ರೀ?"

ಆಗ ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ, ಓದಿ, ತಿಳಿದವರನ್ನು ಕೇಳಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಅವನಂತಹ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮ ಅಣ್ಣನಂತಹ ರೋಗಿಗಳೂ ಇದ್ದಾರೆ.

ಅಮೃತವೂ ಹೆಚ್ಚಾದರೆ

ನಾವು ಸೇದುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ ೨೧ರಷ್ಟು. ವಯಸ್ಕನೊಬ್ಬ ಸುಮ್ಮನೆ ಕೂತಾಗ ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುತ್ತಾನೆ, ಒಂದು ಸಲಕ್ಕೆ ಅರ್ಧ ಲೀಟರಿನಷ್ಟು ಗಾಳಿ ಒಳಗೆ ಹೋಗುತ್ತದೆ. ಇದನ್ನು ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. ಆದರೆ ಉಸಿರಾಟಕ್ಕೆ ಎರಡು ಕೆಲಸ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಆಮ್ಲಜನಕವನ್ನು ಒಳಗೆ ತರುವುದು ಒಂದು, ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು ಇನ್ನೊಂದು. ಬೆರಳಿಗೆ ಹಚ್ಚುವ ಯಂತ್ರ ಮೊದಲನೆಯದನ್ನು ಮಾತ್ರ ಅಳೆಯುತ್ತದೆ. ಎರಡನೆಯದರ ಬಗ್ಗೆ ಅದಕ್ಕೆ ಏನೂ ತಿಳಿಯದು.

ಹಳೆಯ ದಮ್ಮಿನವರ ಪುಪ್ಪುಸದಲ್ಲಿ ಕೆಲವು ಭಾಗಗಳು ಕೆಟ್ಟಿರುತ್ತವೆ. ಅಲ್ಲಿಗೆ ಗಾಳಿ ಸರಿಯಾಗಿ ಮುಟ್ಟುವುದಿಲ್ಲ. ಜಾಣ ರೈತ ಪೈರು ಸತ್ತ ಮಡಿಯ ಬಾಯಿ ಕಟ್ಟಿ ಒಳ್ಳೆಯ ಮಡಿಗೆ ನೀರು ತಿರುಗಿಸುತ್ತಾನಲ್ಲ, ದೇಹವೂ ಹಾಗೆಯೇ ಕೆಟ್ಟ ಭಾಗದ ರಕ್ತನಾಳಗಳನ್ನು ಬಿಗಿ ಮಾಡಿ ಒಳ್ಳೆಯ ಭಾಗಕ್ಕೆ ರಕ್ತ ಕಳಿಸುತ್ತದೆ. ಹೊರಗಿನಿಂದ ವಿಪರೀತ ಆಮ್ಲಜನಕ ಕೊಟ್ಟರೆ ಕಟ್ಟಿದ ಬಾಯಿಗಳೆಲ್ಲ ಬಿಚ್ಚಿಕೊಳ್ಳುತ್ತವೆ. ರಕ್ತ ಕೆಟ್ಟ ಭಾಗಕ್ಕೆ ಹರಿದು ತನ್ನ ಇಂಗಾಲದ ಡೈಆಕ್ಸೈಡನ್ನು ಇಳಿಸದೆಯೇ ಮರಳುತ್ತದೆ. ಅದು ಏರುತ್ತ ಹೋದಂತೆ ರೋಗಿಗೆ ಮಂಪರು ಕವಿಯುತ್ತದೆ. ನೋಡಿದವರು ನಿದ್ದೆ ಎನ್ನುತ್ತಾರೆ.

ಆದ್ದರಿಂದಲೇ ಇಂತಹ ರೋಗಿಗಳಲ್ಲಿ ಬೆರಳಿನ ಯಂತ್ರ ನೂರು ತೋರಿಸಬಾರದು. ೮೮ರಿಂದ ೯೨ರ ನಡುವೆ ಇರುವಂತೆ ಆಮ್ಲಜನಕ ಕೊಡಬೇಕೆಂಬುದು ಈಗ ಎಲ್ಲೆಡೆ ಒಪ್ಪಿದ ನಿಯಮ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಬಂದ ೪೦೫ ಜನ ದಮ್ಮಿನ ರೋಗಿಗಳ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಧಾರಾಳವಾಗಿ ಆಮ್ಲಜನಕ ಕೊಡುವ ಗುಂಪಿನ ೨೨೬ ಜನರಲ್ಲಿ ೨೧ ಜನ ತೀರಿಕೊಂಡರು. ಅಳೆದು ಕೊಡುವ ಗುಂಪಿನ ೧೭೯ ಜನರಲ್ಲಿ ತೀರಿಕೊಂಡವರು ಏಳು ಜನ. ಎರಡೂ ಕಡೆ ಸಿಲಿಂಡರ್ ಅದೇ, ಆಮ್ಲಜನಕ ಅದೇ. ತಿರುಪು ತಿರುಗಿಸುವ ಕೈಯಲ್ಲಿದ್ದ ತಿಳಿವಳಿಕೆ ಮಾತ್ರ ಬೇರೆ.

ಗಂಟೆ ಜಾಡಿಯಿಂದ ವೆಂಟಿಲೇಟರಿನವರೆಗೆ

ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ಗಾಜಿನ ಗಂಟೆ ಜಾಡಿ ಇದೆ. ಒಳಗೆ ಎರಡು ಬುಗ್ಗೆ, ತಳದಲ್ಲಿ ರಬ್ಬರಿನ ಹಾಳೆ. ಹಾಳೆಯನ್ನು ಕೆಳಕ್ಕೆ ಎಳೆದರೆ ಬುಗ್ಗೆಗಳು ಉಬ್ಬುತ್ತವೆ. ಉಸಿರಾಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ೧೯೨೮ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ 'ಕಬ್ಬಿಣದ ಪುಪ್ಪುಸ' ಎಂದರೆ ಇದೇ ಜಾಡಿಯ ದೊಡ್ಡ ರೂಪ. ಪೋಲಿಯೊದಿಂದ ಎದೆಯ ಸ್ನಾಯು ಸೋತವರನ್ನು ಕುತ್ತಿಗೆಯವರೆಗೆ ಪೆಟ್ಟಿಗೆಯೊಳಗೆ ಮಲಗಿಸಿ, ಒಳಗಿನ ಗಾಳಿಯ ಒತ್ತಡ ತಗ್ಗಿಸಿ ಎದೆ ಉಬ್ಬುವಂತೆ ಮಾಡುತ್ತಿದ್ದರು.

೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಪೆಟ್ಟಿಗೆಗಳು ಬೆರಳೆಣಿಕೆಯಷ್ಟು. ಉಸಿರಾಟ ಕೆಟ್ಟ ಮೊದಲ ೩೧ ರೋಗಿಗಳಲ್ಲಿ ೨೭ ಜನ ಮೂರು ದಿನದೊಳಗೆ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ರಂಧ್ರ ಮಾಡಿ, ನಳಿಕೆ ಇಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಒಳಗೆ ಒತ್ತುವ ಕ್ರಮ ತೋರಿಸಿದರು. ಚೀಲ ಹಿಸುಕಲು ಕೈಗಳು ಬೇಕಲ್ಲ! ಸುಮಾರು ೧೫೦೦ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಗಲು ರಾತ್ರಿ ರೋಗಿಗಳ ತಲೆಯ ಬಳಿ ಕೂತು ಉಸಿರು ನಡೆಸಿದರು. ಸಾವಿನ ಸಂಖ್ಯೆ ಬಹಳಷ್ಟು ಇಳಿಯಿತು. ಇಂದಿನ ಐಸಿಯುಗಳು ಹುಟ್ಟಿದ್ದು ಅಲ್ಲಿಂದ.

ಕೈಚೀಲದ ಜಾಗಕ್ಕೆ ಈಗ ವೆಂಟಿಲೇಟರ್ ಬಂದಿದೆ. ಆದರೆ ಎಷ್ಟು ಒತ್ತಬೇಕು ಎಂಬುದನ್ನು ಯಂತ್ರ ತಾನಾಗಿ ಅರಿಯದು, ಮನುಷ್ಯನೇ ಹೇಳಬೇಕು. ಇದಕ್ಕೊಂದು ಲೆಕ್ಕ ಕೊಡುತ್ತೇನೆ. ಪುಪ್ಪುಸ ತೀವ್ರವಾಗಿ ಹಾಳಾದ ೮೬೧ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ೨೦೦೦ದಲ್ಲಿ ಹೊರಬಂತು. ದೇಹದ ಪ್ರತಿ ಕಿಲೋ ತೂಕಕ್ಕೆ ೧೨ ಮಿಲಿಲೀಟರಿನಂತೆ ಗಾಳಿ ಒತ್ತಿದ ಗುಂಪಿನಲ್ಲಿ ಶೇಕಡಾ ೩೯.೮ರಷ್ಟು ಜನ ಸತ್ತರು. ೬ ಮಿಲಿಲೀಟರಿನಂತೆ ಒತ್ತಿದ ಗುಂಪಿನಲ್ಲಿ ಶೇಕಡಾ ೩೧. ಹೆಚ್ಚು ಗಾಳಿ ಪುಪ್ಪುಸವನ್ನು ಹಿಗ್ಗಿಸಿ ಹರಿಯುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಇಲ್ಲಿ 'ತೂಕ' ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮನುಷ್ಯ ದಪ್ಪಗಾದರೆ ಅವನ ಪುಪ್ಪುಸ ದೊಡ್ಡದಾಗುವುದಿಲ್ಲವಷ್ಟೆ. ೧೬೫ ಸೆಂಟಿಮೀಟರ್ ಎತ್ತರದ ಗಂಡಸಿಗೆ ಸೂತ್ರದ ಪ್ರಕಾರ ಸುಮಾರು ೬೧.೫ ಕಿಲೋ ಬರುತ್ತದೆ. ಆರರಿಂದ ಗುಣಿಸಿದರೆ ಒಂದು ಉಸಿರಿಗೆ ೩೬೯ ಮಿಲಿಲೀಟರ್. ಅವನು ೯೦ ಕಿಲೋ ತೂಗುತ್ತಾನೆಂದು ಅದನ್ನೇ ಗುಣಿಸಿದರೆ ೫೪೦. ಗುಣಾಕಾರ ತಪ್ಪಿಲ್ಲ, ತಪ್ಪಿದ್ದು ತಿಳಿವಳಿಕೆ. ಪ್ರತಿ ಉಸಿರಿಗೂ ಸುಮಾರು ಅರ್ಧದಷ್ಟು ಹೆಚ್ಚು ಗಾಳಿ ಒಳಗೆ ಹೋಗುತ್ತದೆ, ದಿನಕ್ಕೆ ಸಾವಿರಾರು ಸಲ. ಈ ಲೆಕ್ಕ, ನಳಿಕೆಯ ಸ್ವಚ್ಛತೆ, ಕಫ ತೆಗೆಯುವುದು, ರಕ್ತದ ಅನಿಲಗಳ ವರದಿ ಓದುವುದು, ರೋಗಿಯನ್ನು ಮೆಲ್ಲಗೆ ಯಂತ್ರದಿಂದ ಬಿಡಿಸುವುದು, ದಾರಿಯಲ್ಲಿ ಸಿಲಿಂಡರ್ ಎಷ್ಟು ಹೊತ್ತು ಬಾಳುತ್ತದೆಂದು ಮೊದಲೇ ಎಣಿಸುವುದು - ಇದೆಲ್ಲ ಸೇರಿ ಶ್ವಾಸ ಚಿಕಿತ್ಸಕರ ಕೆಲಸ. ೧೫೦೦ ಲೀಟರಿನ ಸಣ್ಣ ಸಿಲಿಂಡರ್ ನಿಮಿಷಕ್ಕೆ ೧೦ ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ ಮಾತ್ರ. ಹುಬ್ಬಳ್ಳಿಯ ದಾರಿಯಲ್ಲಿ ಟಯರ್ ಪಂಕ್ಚರ್ ಆದರೆ? ಇದನ್ನು ಹೊರಡುವ ಮೊದಲು ಯೋಚಿಸುವವನೇ ಬಲ್ಲವನು.

ಹೆಸರಿಗೂ ಬೇಲಿ, ಕೆಲಸಕ್ಕೂ ಬೇಲಿ

ಲಕ್ಷ್ಮೇಶ್ವರದ ಪೇಟೆಯಲ್ಲಿ ಬೀಜ, ಗೊಬ್ಬರ ಮಾರಬೇಕಾದರೆ ಲೈಸೆನ್ಸು ಬೇಕು. ಟಂಟಂ ಓಡಿಸಲು ಲೈಸೆನ್ಸು ಬೇಕು. ಔಷಧಿ ಅಂಗಡಿಗೆ ೧೯೪೮ರ ಫಾರ್ಮಸಿ ಕಾಯ್ದೆ ಇದೆ, ದಾದಿಯರಿಗೆ ೧೯೪೭ರ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಇದೆ. ಉಸಿರಿನ ಯಂತ್ರ ನಡೆಸುವವನಿಗೆ ಮಾತ್ರ ಬಹುಕಾಲ ಯಾವ ಕಾಯ್ದೆಯೂ ಇರಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ದಲಾಲಿ ಅಂಗಡಿಯ ಗುಮಾಸ್ತರು ನಲವತ್ತು ವರ್ಷ ಲೆಕ್ಕ ಬರೆದಿರಬಹುದು, ಒಂದು ಪೈಸೆ ತಪ್ಪದಿರಬಹುದು. ಆದರೂ ಹೆಸರಿನ ಮುಂದೆ 'ಸಿ.ಎ.' ಎಂದು ಬರೆದುಕೊಳ್ಳುವಂತಿಲ್ಲ. ೧೯೪೯ರ ಕಾಯ್ದೆ ಆ ಎರಡಕ್ಷರಕ್ಕೆ ಬೇಲಿ ಹಾಕಿದೆ. ಇದು ಹೆಸರಿನ ರಕ್ಷಣೆ. ಲೆಕ್ಕ ಬರೆಯುವುದನ್ನು ಯಾರೂ ತಡೆಯುವುದಿಲ್ಲ, ಹೆಸರನ್ನು ಮಾತ್ರ ತಡೆಯುತ್ತಾರೆ. ವಾಹನದ ಲೈಸೆನ್ಸು ಹಾಗಲ್ಲ. ಅಲ್ಲಿ ಲೈಸೆನ್ಸಿಲ್ಲದವನು 'ನಾನು ಡ್ರೈವರ್ ಅಲ್ಲ' ಎಂದು ಬೋರ್ಡು ಹಾಕಿಕೊಂಡರೂ ಬಸ್ಸು ಓಡಿಸುವಂತಿಲ್ಲ. ಇದು ಕೆಲಸದ ರಕ್ಷಣೆ. ಉಸಿರಿನ ವಿಷಯದಲ್ಲಿ ಎರಡೂ ಬೇಕು. ಹೆಸರಿನ ರಕ್ಷಣೆ ಇಲ್ಲದಿದ್ದರೆ ರೋಗಿಯ ಮನೆಯವರು ಮೋಸ ಹೋಗುತ್ತಾರೆ. ಕೆಲಸದ ರಕ್ಷಣೆ ಇಲ್ಲದಿದ್ದರೆ ಹೆಸರು ಬದಲಿಸಿಕೊಂಡು ಅದೇ ಕೈ ಅದೇ ತಿರುಪನ್ನು ತಿರುಗಿಸುತ್ತದೆ.

ಅಮೆರಿಕದಲ್ಲಿ ಈ ಕಸುಬಿನವರ ಸಂಘ ೧೯೪೭ರಲ್ಲಿ ಶಿಕಾಗೋದಲ್ಲಿ ಹುಟ್ಟಿತು. ಆಗ ಇವರ ಕೆಲಸವೆಂದರೆ ವಾರ್ಡಿನಿಂದ ವಾರ್ಡಿಗೆ ಸಿಲಿಂಡರ್ ಉರುಳಿಸುವುದೇ ಮುಖ್ಯ. ಪರೀಕ್ಷೆ ನಡೆಸಿ ಅರ್ಹರ ಪಟ್ಟಿ ಮಾಡುವ ಮಂಡಳಿ ೧೯೬೦ರಲ್ಲಿ ಬಂತು. ಆದರೆ ಪರೀಕ್ಷೆ ಪಾಸಾಗುವುದು ಬೇರೆ, ಕಾನೂನಿನ ಪರವಾನಗಿ ಬೇರೆ. ೧೯೮೨ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾಯ್ದೆ ಮಾಡಿತು. ಅಲ್ಲಿಂದ ಒಂದೊಂದಾಗಿ ಬಹುಪಾಲು ರಾಜ್ಯಗಳು ಅದೇ ಹಾದಿ ಹಿಡಿದವು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ೧೯೯೧ರ ಕಾಯ್ದೆಯಿದೆ. ಅಲ್ಲಿ ನೋಂದಣಿಯಾಗದವನು 'ರೆಸ್ಪಿರೇಟರಿ ಥೆರಪಿಸ್ಟ್' ಎಂಬ ಹೆಸರನ್ನು ಇಂಗ್ಲಿಷಿನಲ್ಲಾಗಲಿ ಬೇರೆ ಭಾಷೆಯಲ್ಲಾಗಲಿ ಬಳಸುವಂತಿಲ್ಲ. ನಮ್ಮ ಹುಡುಗರು ಕೆಲಸ ಹುಡುಕಿ ಹೋಗುವ ಸೌದಿ ಅರೇಬಿಯದಲ್ಲೂ ಆರೋಗ್ಯ ವೃತ್ತಿಗಳ ಆಯೋಗದಲ್ಲಿ ನೋಂದಣಿಯಾಗದೆ ಆಸ್ಪತ್ರೆಯ ಕೆಲಸ ಸಿಗದು. ಅಲ್ಲಿ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೇ ಬರೆದು ವಿಚಾರಿಸುತ್ತಾರೆ. ನಲವತ್ತು ಸಾವಿರದ ಬಣ್ಣದ ಕಾಗದ ಅಲ್ಲಿ ನಿಲ್ಲುವುದಿಲ್ಲ.

ನಮ್ಮಲ್ಲಿ ಬಂದ ಕಾಯ್ದೆ

ಭಾರತದಲ್ಲಿ ಈ ಕೊರತೆ ಎಲ್ಲರ ಕಣ್ಣಿಗೆ ಬಿದ್ದದ್ದು ಕೊರೊನಾ ಕಾಲದಲ್ಲಿ. ೨೦೨೦ ಮತ್ತು ೨೦೨೧ರಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ವೆಂಟಿಲೇಟರುಗಳು ಬಂದಿಳಿದವು. ಹಲವು ಕಡೆ ಅವು ಪೆಟ್ಟಿಗೆಯಲ್ಲೇ ಉಳಿದವು, ನಡೆಸುವವರಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಯಂತ್ರ ಕೊಳ್ಳಲು ದುಡ್ಡು ಸಾಕು. ಅದನ್ನು ನಡೆಸುವವನನ್ನು ತಯಾರು ಮಾಡಲು ವರ್ಷಗಳು ಬೇಕು.

ಅದೇ ೨೦೨೧ರ ಮಾರ್ಚಿನಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಒಪ್ಪಿತು. ಮೇ ೨೫ರಂದು ಅದು ಜಾರಿಗೆ ಬಂತು. ಹತ್ತು ವಿಭಾಗಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳು ಅದರ ಪಟ್ಟಿಯಲ್ಲಿವೆ: ಪ್ರಯೋಗಾಲಯದವರು, ಎಕ್ಸ್‌ರೇ ತೆಗೆಯುವವರು, ಫಿಸಿಯೋಥೆರಪಿಯವರು, ಡಯಾಲಿಸಿಸ್ ನಡೆಸುವವರು. ನಮ್ಮ ಕಥೆಯ ಉಸಿರಿನವರೂ 'ರೆಸ್ಪಿರೇಟರಿ ಟೆಕ್ನಾಲಜಿಸ್ಟ್' ಎಂಬ ಹೆಸರಿನಲ್ಲಿ ಅಲ್ಲಿದ್ದಾರೆ. ದೇಶಕ್ಕೊಂದು ಆಯೋಗ, ರಾಜ್ಯಕ್ಕೊಂದು ಪರಿಷತ್ತು, ಅರ್ಹರ ಹೆಸರು ಬರೆಯುವ ರಿಜಿಸ್ಟರು - ಇದು ಕಾಯ್ದೆಯ ಚೌಕಟ್ಟು.

ಓದಿನ ಅವಧಿಯನ್ನೂ ಕಾಯ್ದೆ ಗಂಟೆಗಳಲ್ಲಿ ಹೇಳುತ್ತದೆ. ಸಹಾಯಕ ವೃತ್ತಿಯವರ ಡಿಪ್ಲೊಮಾ ಅಥವಾ ಪದವಿ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ ೨೦೦೦ ಗಂಟೆಯದಾಗಿರಬೇಕು. ಆರೋಗ್ಯ ರಕ್ಷಣಾ ವೃತ್ತಿಯವರ ಪದವಿ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ ೩೬೦೦ ಗಂಟೆಯದು. ನನ್ನ ಶಿಷ್ಯನ ಕೋರ್ಸನ್ನು ಈ ಅಳತೆಗೆ ಹಚ್ಚಿ ನೋಡೋಣ. ದಿನಕ್ಕೆ ಆರು ಗಂಟೆ, ತಿಂಗಳಿಗೆ ೨೬ ದಿನ ಒಂದೂ ತಪ್ಪದೆ ಪಾಠ ನಡೆದಿದೆ ಎಂದೇ ಹಿಡಿಯಿರಿ. ತಿಂಗಳಿಗೆ ೧೫೬ ಗಂಟೆ, ಆರು ತಿಂಗಳಿಗೆ ೯೩೬. ಅತಿ ಕಡಿಮೆ ಮಿತಿಯ ಅರ್ಧವೂ ಆಗಲಿಲ್ಲ. ನಿಜಕ್ಕೂ ನಡೆದ ಪಾಠವೆಷ್ಟು ಎಂದು ಅವನನ್ನು ಕೇಳಿದೆ. ವಾರಕ್ಕೆ ಮೂರು ದಿನ, ಎರಡೆರಡು ಗಂಟೆಯಂತೆ.

ಹೆಸರಿನ ಬೇಲಿಯೂ ಕಾಯ್ದೆಯಲ್ಲಿದೆ. ನೋಂದಣಿಯಾಗದೆಯೇ ನೋಂದಣಿಯಾಗಿದೆ ಎಂದು ಹೇಳಿಕೊಂಡರೆ ಅಥವಾ ಹಾಗೆ ಭಾಸವಾಗುವ ಪದವನ್ನು ಹೆಸರಿನ ಜೊತೆ ಹಚ್ಚಿಕೊಂಡರೆ, ಮೊದಲ ಸಲ ೫೦,೦೦೦ ರೂಪಾಯಿಯವರೆಗೆ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆದರೆ ಗಮನಿಸಿ, ಈ ಕಲಮಿನ ಪ್ರಕಾರ ಸಿಕ್ಕಿಬೀಳುವವನು ಎದೆಯ ಮೇಲೆ ಪಟ್ಟಿ ಹಚ್ಚಿಕೊಂಡ ಹುಡುಗ. ಆ ಪಟ್ಟಿ ಮಾಡಿಸಿ ಕೊಟ್ಟವರು ಯಾರೆಂದು ಕೇಳುವವರೂ ಬೇಕು.

ಕಾಯ್ದೆ ಬಂದ ಕೂಡಲೇ ಎಲ್ಲ ಆಗಲಿಲ್ಲ. ಆರು ತಿಂಗಳಲ್ಲಿ ರಾಜ್ಯಗಳು ಪರಿಷತ್ತು ರಚಿಸಬೇಕಿತ್ತು. ಮೂರು ವರ್ಷವಾದರೂ ಅನೇಕ ರಾಜ್ಯಗಳು ಮುಂದಾಗದೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರವರೆಗೆ ಪರಿಷತ್ತು ರಚಿಸಿದ ರಾಜ್ಯಗಳು ಹದಿನಾಲ್ಕೇ. ೨೦೨೪ರ ಆಗಸ್ಟಿನಲ್ಲಿ ನ್ಯಾಯಾಲಯ ಅಕ್ಟೋಬರ್ ೧೨ರೊಳಗೆ ಕಾಯ್ದೆಯನ್ನು ಜಾರಿಗೆ ತರಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ಕರ್ನಾಟಕದಲ್ಲಿ ರಾಜ್ಯ ಪರಿಷತ್ತು ರಚನೆಯಾಗಿದೆ.

ಹೆಸರಿನ ಗೊಂದಲ ಮಾತ್ರ ಇನ್ನೂ ಬಗೆಹರಿದಿಲ್ಲ. ಕಾಯ್ದೆ 'ಟೆಕ್ನಾಲಜಿಸ್ಟ್' ಎನ್ನುತ್ತದೆ. ಕಾಲೇಜುಗಳಲ್ಲಿ ಒಂದು ಕಡೆ ಪದವಿಯ ಹೆಸರು 'ಥೆರಪಿ', ಇನ್ನೊಂದು ಕಡೆ 'ಕೇರ್ ಟೆಕ್ನಾಲಜಿ'. ಆಸ್ಪತ್ರೆಯ ಪಟ್ಟಿಯ ಮೇಲೆ 'ಥೆರಪಿಸ್ಟ್'. ಫಿಸಿಯೋಥೆರಪಿಯವರು 'ಡಾ.' ಎಂದು ಬರೆದುಕೊಳ್ಳಬಹುದೆ ಎಂಬ ವಿಷಯದಲ್ಲಿ ೨೦೨೫ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಕೂಡದು ಎಂದು ಒಂದು ಪತ್ರ ಹೊರಡಿಸಿ ಮರುದಿನವೇ ಹಿಂತೆಗೆದುಕೊಂಡಿತು. ದೊಡ್ಡವರಿಗೇ ಇಷ್ಟು ಗೊಂದಲವಿರುವಾಗ ಹಳ್ಳಿಯಿಂದ ಬಂದ ರೋಗಿಯ ಮನೆಯವರ ಪಾಡೇನು? ಅವರಿಗೆ ಬಿಳಿ ಕೋಟು ತೊಟ್ಟವರೆಲ್ಲ ಡಾಕ್ಟರೇ.

ಇನ್ನೊಂದು ಮಗ್ಗುಲು

ನ್ಯಾಯವಾಗಿ ಹೇಳಬೇಕೆಂದರೆ ಆಸ್ಪತ್ರೆಯವರ ಮಾತನ್ನೂ ಕೇಳಬೇಕು. ಪರಿಚಯದ ವೈದ್ಯರೊಬ್ಬರು ನನ್ನೆದುರು ಹೀಗೆಂದರು: "ಮಾಸ್ತರ್ರ, ಡಿಗ್ರಿ ಮಾಡಿದವರು ಬೆಂಗಳೂರು ಬಿಟ್ಟು ನಮ್ಮ ಊರಿಗೆ ಬರಂಗಿಲ್ರೀ. ಬಂದ್ರೂ ಅವರ ಪಗಾರ ನಮಗ ನಿಗಂಗಿಲ್ಲ. ನಾಳಿನಿಂದಾನ ಕಾಯ್ದೆ ಬಿಗಿ ಮಾಡಿದ್ರ ನನ್ನ ನಾಲ್ಕು ಐಸಿಯು ಹಾಸಿಗಿ ಮುಚ್ಚಬೇಕಾಗ್ತದ. ಪೇಶಂಟು ಹುಬ್ಬಳ್ಳಿ ತನಕ ಉಸರ ಹಿಡಕೊಂಡು ಹೋಗ್ತಾನೇನ್ರೀ?"

ಈ ಪ್ರಶ್ನೆ ಸುಳ್ಳಲ್ಲ. ನನ್ನ ಅಣ್ಣನೇ ಆ ರಾತ್ರಿ ಹುಬ್ಬಳ್ಳಿ ಮುಟ್ಟುತ್ತಿದ್ದನೋ ಇಲ್ಲವೋ. ಆದರೆ ಆ ರಾತ್ರಿ ಅವನನ್ನು ಉಳಿಸಿದವರು ಯಾರು? ನೋಂದಣಿಯಾದ, ಅನುಭವಿ ನರ್ಸಮ್ಮ. ವೈದ್ಯರ ಸೂಚನೆಯಂತೆ ತರಬೇತಾದ ದಾದಿಯರು ಉಸಿರಿನ ಆರೈಕೆ ಮಾಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಅನುಭವದಿಂದ ಕಲಿತ ಹಳಬರಿಗೂ ಕಾಯ್ದೆಯಲ್ಲಿ ತಾತ್ಕಾಲಿಕ ನೋಂದಣಿಯ ದಾರಿ ಇದೆ. ಬೇಡವಾದದ್ದು ಒಂದೇ: ಕಲಿಯದವನ ಎದೆಗೆ ಕಲಿತವನ ಹೆಸರು ಅಂಟಿಸುವುದು. ಆ ಪಟ್ಟಿಯ ಮೇಲೆ 'ಸಹಾಯಕ' ಎಂದಿದ್ದರೆ ನಾನು ಅವನನ್ನು ತಿರುಪು ಮುಟ್ಟಲು ಬಿಡುತ್ತಿರಲಿಲ್ಲ, ನರ್ಸಮ್ಮನನ್ನು ಕರೆ ಎನ್ನುತ್ತಿದ್ದೆ. 'ಥೆರಪಿಸ್ಟ್' ಎಂಬ ಹೆಸರು ನನ್ನ ಬಾಯಿ ಕಟ್ಟಿತು. ಹೆಸರು ಮಾಡುವ ಅನಾಹುತ ಇದು.

ಹಾಸಿಗೆ ಮುಚ್ಚದೆ ಕಾಯ್ದೆ ನಡೆಸುವುದೂ ಸಾಧ್ಯ. ಗದಗಿನಲ್ಲಿ ಮಲ್ಲಸಮುದ್ರದ ಹತ್ತಿರ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಹುಬ್ಬಳ್ಳಿಯಲ್ಲಿ ಹಳೆಯ ದೊಡ್ಡ ಕಾಲೇಜಿದೆ. ಸಣ್ಣ ಆಸ್ಪತ್ರೆಗಳ ದಾದಿಯರನ್ನೂ ಸಹಾಯಕರನ್ನೂ ಸರದಿಯ ಮೇಲೆ ಅಲ್ಲಿಗೆ ಕಳಿಸಿ ಕಲಿಸಬಹುದು. ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಈ ಹುದ್ದೆಗಳನ್ನು ಸೃಷ್ಟಿಸಿದರೆ ಓದಿದ ಹುಡುಗರು ಊರ ಕಡೆ ಬಂದಾರು. ಹುದ್ದೆಯೇ ಇಲ್ಲದ ಕಡೆ ಪರವಾನಗಿಯನ್ನಷ್ಟೇ ಕೇಳಿದರೆ ಅದು ಬಾವಿ ತೋಡದೆ ಹಗ್ಗ ಕೊಂಡಂತೆ.

ಫೀ ಕಟ್ಟುವ ಮೊದಲು

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರಿಗೆ ಬಿ.ಎಸ್ಸಿ. ಪದವಿಯ ದಾರಿ ಇದೆ. ೧೯೯೬ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ 'ರೆಸ್ಪಿರೇಟರಿ ಕೇರ್ ಟೆಕ್ನಾಲಜಿ' ಎಂಬ ಪದವಿ ಇದೆ. ಮಣಿಪಾಲದಲ್ಲೂ 'ರೆಸ್ಪಿರೇಟರಿ ಥೆರಪಿ' ಕಲಿಸುತ್ತಾರೆ. ಆಸ್ಪತ್ರೆಯಲ್ಲಿ ಕೈಕೆಲಸ ಕಲಿಯುವ ಇಂಟರ್ನ್‌ಶಿಪ್ ಸೇರಿ ಸಾಮಾನ್ಯವಾಗಿ ನಾಲ್ಕು ವರ್ಷ. ಅಷ್ಟು ವರ್ಷ ಓದಲಾರದವರಿಗೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳಿವೆ. ಲ್ಯಾಬ್, ಎಕ್ಸ್‌ರೇ, ಆಪರೇಶನ್ ಥಿಯೇಟರ್, ಡಯಾಲಿಸಿಸ್ ಮುಂತಾದ ಕೆಲಸಗಳಿಗೆ ಅವು ಮಾನ್ಯ.

ತಂದೆತಾಯಿಗಳಿಗೆ ನನ್ನದೊಂದು ಕಿವಿಮಾತು. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿರಿ. ಪ್ರಮಾಣಪತ್ರದ ಮೇಲೆ ಬರುವುದು ಯಾವ ವಿಶ್ವವಿದ್ಯಾಲಯದ ಅಥವಾ ಯಾವ ಸರ್ಕಾರಿ ಬೋರ್ಡಿನ ಮುದ್ರೆ? ಈ ಓದು ಮುಗಿದ ಮೇಲೆ ರಾಜ್ಯ ಪರಿಷತ್ತಿನ ರಿಜಿಸ್ಟರಿನಲ್ಲಿ 'ಯಾವ ಹೆಸರಿನಿಂದ' ನೋಂದಣಿಯಾಗುತ್ತದೆ? ಪಾಠದ ಕಾಲದಲ್ಲಿ ಕೈಕೆಲಸ ಕಲಿಸುವ ಆಸ್ಪತ್ರೆ ಯಾವುದು, ಅಲ್ಲಿ ಐಸಿಯು ಇದೆಯೆ? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಎತ್ತು ಮನೆಯಲ್ಲೇ ಇರಲಿ.

ರೋಗಿಯ ಕಡೆಯವರೂ ಹೆದರದೆ ಕೇಳಬೇಕು. "ಇವರು ಏನು ಓದಿದ್ದಾರ್ರೀ? ಇವರಿಗೆ ಹಳೆಯ ದಮ್ಮು ಐತಿ, ಆಕ್ಸಿಜನ್ ಎಷ್ಟಕ್ಕ ಇಡಬೇಕು ಅಂತ ಡಾಕ್ಟರ್ ಬರದಾರೇನು?" ಇಷ್ಟೇ ಸಾಕು. ಬಲ್ಲವನು ಸಿಟ್ಟಾಗುವುದಿಲ್ಲ, ಕೂತು ತಿಳಿಸುತ್ತಾನೆ. ಮಂಪರು, ಎಚ್ಚರಿಸಿದರೂ ಏಳದಿರುವುದು, ತೊದಲು ಮಾತು ಕಂಡರೆ ನಿದ್ದೆ ಎಂದು ಬಿಡದೆ ಕೂಡಲೇ ವೈದ್ಯರನ್ನು ಕರೆಯಿರಿ. ಹಾಗೆಂದು ನೀವೇ ತಿರುಪನ್ನು ಮುಟ್ಟಬೇಡಿರಿ.

ಅಣ್ಣ ಈಗ ಮನೆಯಲ್ಲಿದ್ದಾನೆ. ಬೀಡಿ ಬಿಟ್ಟಿದ್ದಾನೆ, ಕನಿಷ್ಠ ನನ್ನೆದುರಿಗೆ. ಆ ಹುಡುಗ ಮೊನ್ನೆ ಮನೆಗೆ ಬಂದಿದ್ದ. ಆಸ್ಪತ್ರೆಯ ಕೆಲಸ ಬಿಟ್ಟಿಲ್ಲ, ಆದರೆ ಪಟ್ಟಿ ತೆಗೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದಾನಂತೆ. ಈ ಸಲ ಪದವಿಗೆ ಅರ್ಜಿ ಹಾಕಲು ಅಂಕಪಟ್ಟಿಯ ನಕಲುಗಳಿಗೆ ನನ್ನ ಸಹಿ ಬೇಕಿತ್ತು. ಸಹಿ ಮಾಡುತ್ತ ಕೇಳಿದೆ: "ನಾಲ್ಕ ವರ್ಷ ಆಗ್ತದಲ್ಲೋ ತಮ್ಮಾ?" ಅವನೆಂದ: "ಆಗಲಿ ಬಿಡ್ರೀ ಸರ್. ಇನ್ನೊಮ್ಮಿ ಹಂಗ ಆಗಬಾರ್ದಲ್ರೀ."

ಒಳಗಿನ ಕೋಣೆಯಿಂದ ಅಣ್ಣನ ಕೆಮ್ಮು ಕೇಳಿಸಿತು. ಹುಡುಗ ಎದ್ದು ಹೋಗಿ ಅವನ ಬೆನ್ನಿಗೆ ದಿಂಬು ಸರಿಮಾಡಿ ಕೂರಿಸಿದ.